ನಿಂತು ಹೋದ ‘ಜಾನಕಿ’ಗೆ ಓ.ಟಿ.ಟಿ. ಸಂಜೀವಿನಿಯೇ?

ಅರ್ಧಕ್ಕೆ ನಿಂತ ಧಾರಾವಾಹಿ ಮತ್ತೆ ಎದ್ದು ನಡೆಯಬಲ್ಲುದೇ? ಮನೆಮನೆಯ ಮೊಬೈಲಿಗೆ, ಗೋಡೆಯ ಮೇಲಿನ ದೊಡ್ಡ ಟಿ.ವಿ.ಗೆ ಬೇಕೆಂದಾಗ ಬೇಕಾದ್ದನ್ನು ಬಡಿಸುವ ಓ.ಟಿ.ಟಿ. ಕಂಪನಿಗಳು ಈ ಪುಣ್ಯದ ಕೆಲಸ ಮಾಡಲಾರವೇ?

ಓದುಗರೇ, 2020ರಿಂದ ಈಚೆಗೆ ಕಿರುತೆರೆಯ ಅಭಿಮಾನಿಗಳನ್ನು ಬಿಡದೆ ಕಾಡಿರುವ ಪ್ರಶ್ನೆ ಇದು. ಕಾಡಲು ಕಾರಣ ಟಿ.ಎನ್. ಸೀತಾರಾಂ ಅವರ ‘ಮಗಳು ಜಾನಕಿ’. 2018ರ ಜುಲೈನಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಶುರುವಾಗಿ, ಅತ್ತೆ-ಸೊಸೆ ಜಗಳಕ್ಕೆ ಬೇಸತ್ತಿದ್ದ ಮಂದಿಯನ್ನೆಲ್ಲ ಮತ್ತೆ ಟಿ.ವಿ. ಮುಂದೆ ಕೂರಿಸಿದ ಧಾರಾವಾಹಿ. ಜಾನಕಿಯಾಗಿ ಗಾನವಿ ಲಕ್ಷ್ಮಣ್, ಕರಿಕೋಟಿನ ವಕೀಲ ಸಿ.ಎಸ್.ಪಿ. ಆಗಿ ಸ್ವತಃ ಸೀತಾರಾಂ! ಕೋರ್ಟು ಸೀನು ಬಂತೆಂದರೆ ನಮ್ಮ ನಜರ್‌ಬಾದಿನ ಬೀದಿಯಲ್ಲಿ ಅಡುಗೆಮನೆಯ ಪಾತ್ರೆ ಸದ್ದೂ ನಿಲ್ಲುತ್ತಿತ್ತು.

ಅಂಥದ್ದು ನಿಂತೇ ಹೋಯಿತು. ಮುಗಿಯಲಿಲ್ಲ ಸ್ವಾಮೀ, ನಿಂತಿತು. ಎರಡಕ್ಕೂ ಅಜಗಜಾಂತರ.

ನಿಂತದ್ದು ಹೇಗೆ?

2020ರ ಮಾರ್ಚಿನಲ್ಲಿ ಕೊರೊನಾ ಬಂತು, ಚಿತ್ರೀಕರಣ ಬಂದ್ ಆಯಿತು. ಮೇ ತಿಂಗಳಲ್ಲಿ ಒಳಾಂಗಣ ಚಿತ್ರೀಕರಣಕ್ಕೆ ಸರಕಾರ ಒಪ್ಪಿಗೆ ಕೊಟ್ಟಾಗ ಎಷ್ಟೋ ಧಾರಾವಾಹಿಗಳು ಮತ್ತೆ ಕ್ಯಾಮರಾ ಮುಂದೆ ಬಂದವು. ‘ಜಾನಕಿ’ ಬರಲಿಲ್ಲ. ಜಾಹೀರಾತು ಬತ್ತಿದ ಕಾಲ. ಅದೇ ವರ್ಷ ಕನ್ನಡ ವಾಹಿನಿಗಳಿಗೆ ಡಬ್ಬಿಂಗ್ ಧಾರಾವಾಹಿಗಳು ಪ್ರವಾಹದಂತೆ ನುಗ್ಗಿದವು. ಹೊಸದಾಗಿ ಒಂದು ಕಂತು ತೆಗೆಯಬೇಕಾದರೆ ಕಲಾವಿದರು, ಲೈಟ್‌ಬಾಯ್‌ಗಳು, ಮನೆ ಬಾಡಿಗೆ, ಊಟ ಎಲ್ಲವೂ ಬೇಕು. ಡಬ್ಬಿಂಗಿಗೆ ಒಂದು ಕೋಣೆ, ಒಂದು ಮೈಕು, ನಾಲ್ಕಾರು ಕಂಠ ಇದ್ದರೆ ಸಾಕು. ಲೆಕ್ಕ ಬಲ್ಲವನು ಯಾವುದನ್ನು ಆರಿಸುತ್ತಾನೆ, ನೀವೇ ಹೇಳಿ.

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ಸಿನಿಮಾ ಪತ್ರಿಕೆಗೆ ಬರೆಯುವವನೆಂದು ನನ್ನ ಮೇಲೆ ಅವರಿಗೆ ವಿಪರೀತ ಭರವಸೆ. ಮೃಗಾಲಯದ ಕಡೆ ವಾಕಿಂಗ್ ಹೊರಟಾಗಲೆಲ್ಲ ತಡೆದು ನಿಲ್ಲಿಸಿ, “ಏನಪ್ಪಾ, ಆ ಹುಡುಗಿ ಕಥೆ ಏನಾಯ್ತು? ನಿಮ್ಮೋರಿಗೆ ಹೇಳಿ ಮುಗಿಸ್ಸಪ್ಪಾ” ಅನ್ನೋರು. ನಾನು “ಬರುತ್ತೆ ಸಾರ್, ಬರುತ್ತೆ” ಅನ್ನುತ್ತಿದ್ದೆ. ಎರಡು ವರ್ಷ ಕೇಳಿದರು. ಆಮೇಲೆ ಕೇಳಲು ಅವರೇ ಇರಲಿಲ್ಲ. ಧಾರಾವಾಹಿಯೆಂದರೆ ಬರೀ ಕಾಲಹರಣ ಎನ್ನುವವರಿಗೆ ಈ ಸಂಕಟ ಅರ್ಥವಾಗದು. ದಿನವೂ ಮನೆಗೆ ಬಂದು ಹೋಗುತ್ತಿದ್ದ ಮಗಳೊಬ್ಬಳು ಒಂದು ದಿನ ಹೇಳದೆ ಕೇಳದೆ ನಿಂತುಬಿಟ್ಟರೆ ವಯಸ್ಸಾದವರಿಗೆ ಹೇಗಾಗಬೇಡ!

ಎದ್ದು ಬಂದವರೂ ಇದ್ದಾರೆ

ನಿಂತದ್ದು ಮತ್ತೆ ಏಳುವುದೇ ಇಲ್ಲವೆಂದಲ್ಲ. ಮೈಸೂರಿನವರಾದ ನಮಗೆ ಇದು ಚೆನ್ನಾಗಿ ಗೊತ್ತು. 1989ರ ಫೆಬ್ರವರಿ 8ರಂದು ಇಲ್ಲಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ನಾಯಕ ಸಂಜಯ್ ಖಾನ್ ತೀವ್ರವಾಗಿ ಸುಟ್ಟು ಆಸ್ಪತ್ರೆ ಸೇರಿದರು. ಅಂಥ ದುರಂತದ ನಂತರವೂ ಕೆಲಸ ಮುಂದುವರಿಯಿತು, 1990ರಲ್ಲಿ ದೂರದರ್ಶನದಲ್ಲಿ ದೇಶವೆಲ್ಲ ನೋಡಿತು. ಆಗ ದೂರದರ್ಶನಕ್ಕೆ ಪೈಪೋಟಿ ಇರಲಿಲ್ಲ, ಕಾಯುವ ವ್ಯವಧಾನವಿತ್ತು. ಇವತ್ತು ಒಂದು ಸಂಜೆ ಜಾಗ ಖಾಲಿಬಿಟ್ಟರೆ ಪಕ್ಕದವನು ಬಂದು ಕೂತಿರುತ್ತಾನೆ!

ನಮ್ಮೂರಿನ ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ಗೂ 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಹೊಸ ಕಂತುಗಳು ಸೇರಿದವು. ಅಲ್ಲಿ ಹೆಚ್ಚಿನ ಕಂತಿಗೆ ಅದದೇ ಕಥೆ. ಯಾವಾಗ ಬೇಕಾದರೂ ಹೊಸ ಹೂವು ಪೋಣಿಸಬಹುದು. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರ 1998ರ ‘ಮಾಯಾಮೃಗ’ ಕೂಡ 2022ರ ಕೊನೆಗೆ ಸಿರಿ ಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ವಾಗಿ ಬಂತು. ಅದು ಕಥೆ ಮುಗಿದ ಎಷ್ಟೋ ವರ್ಷಕ್ಕೆ ಹುಟ್ಟಿದ ಮುಂದಿನ ಪೀಳಿಗೆಯ ಕಥೆ. ‘ಜಾನಕಿ’ಯ ಪಾಡು ಎರಡಕ್ಕೂ ಸೇರದ್ದು. ಅವಳದು ದಾರಿ ನಡುವೆ ಕೆಟ್ಟು ನಿಂತ ಬಸ್ಸು, ಒಳಗೆ ಪ್ರಯಾಣಿಕರು ಕೂತೇ ಇದ್ದಾರೆ.

ಕಲ್ಲಿಗೆ ಕಾಲಿಲ್ಲ, ಕಲಾವಿದರಿಗೆ ಇದೆ

ನಮ್ಮ ನಜರ್‌ಬಾದ್ ಹುಟ್ಟಿದ್ದೇ ಒಂದು ಮರುನಿರ್ಮಾಣದಿಂದ. ಟಿಪ್ಪು ಸುಲ್ತಾನ್ ಮೈಸೂರಿನ ಹಳೆಯ ಕೋಟೆ ಕೆಡವಿಸಿ, ಅದೇ ಕಲ್ಲಿನಿಂದ ಇಲ್ಲಿ ಹೊಸ ಕೋಟೆ ಕಟ್ಟಿಸತೊಡಗಿದ. 1799ರಲ್ಲಿ ಅವನು ಮಡಿದ ಮೇಲೆ ಆ ಕಲ್ಲುಗಳು ಮತ್ತೆ ಮೈಸೂರಿಗೇ ವಾಪಸು ಹೋದವು! ಕಲ್ಲು ಇಟ್ಟಲ್ಲಿ ಇರುತ್ತದೆ, ಹೊತ್ತರೆ ಬರುತ್ತದೆ. ಧಾರಾವಾಹಿಯ ಕಲ್ಲುಗಳು ಹಾಗಲ್ಲ. ಗಾನವಿ ಲಕ್ಷ್ಮಣ್ 2021ರಲ್ಲಿ ರಿಷಬ್ ಶೆಟ್ಟಿ ಜೊತೆ ‘ಹೀರೋ’, 2022ರಲ್ಲಿ ಶಿವರಾಜ್‌ಕುಮಾರ್ ಜೊತೆ ‘ವೇದ’ ಎಂದು ಹಿರಿತೆರೆಗೆ ನಡೆದರು. ಹೋಗಬೇಕಾದ್ದೇ, ಹೊಟ್ಟೆಪಾಡಿನ ಪ್ರಶ್ನೆ. ಎರಡು-ಮೂರು ವರ್ಷದ ಕಾಲ್‌ಶೀಟು ಕೇಳಿದರೆ ಹಳೆಯ ತಂಡವೆಲ್ಲ ಮತ್ತೆ ಒಂದೇ ಸೆಟ್ಟಿಗೆ ಬರುವುದು ಕನಸಿನ ಮಾತು.

ಇನ್ನು ಓ.ಟಿ.ಟಿ.ಯ ಕಥೆ ಕೇಳಿ. ಕಲರ್ಸ್ ಬಳಗದ ಧಾರಾವಾಹಿಗಳನ್ನು ತೋರಿಸುತ್ತಿದ್ದ ‘ವೂಟ್’ 2023ರಲ್ಲಿ ‘ಜಿಯೋ ಸಿನಿಮಾ’ದೊಳಗೆ ಸೇರಿತು. 2025ರ ಫೆಬ್ರವರಿಯಲ್ಲಿ ಅದೇ ‘ಜಿಯೋ ಹಾಟ್‌ಸ್ಟಾರ್’ ಆಯಿತು. ಎರಡೇ ವರ್ಷದಲ್ಲಿ ಬಾಗಿಲ ಮೇಲೆ ಮೂರನೇ ಬೋರ್ಡು! ಧಾರಾವಾಹಿಗೆ ಆಶ್ರಯ ಕೊಡಬೇಕಾದವರ ಮನೆಯೇ ಹೀಗೆ ಸ್ಥಳ ಬದಲಿಸುತ್ತಿದ್ದರೆ ನೆಂಟರನ್ನು ಎಲ್ಲಿ ಕೂರಿಸುತ್ತಾರೆ?

ಕನ್ನಡವೆಂದರೆ ಈ ಕಂಪನಿಗಳಿಗೆ ಅಷ್ಟಕ್ಕಷ್ಟೆ. ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆ ಪ್ರಸ್ತುತಪಡಿಸಿದ ಏಳು ಕಂತಿನ ‘ಏಕಂ’ ಸರಣಿಯನ್ನು ಯಾವ ಓ.ಟಿ.ಟಿ.ಯೂ ಕೊಳ್ಳದೆ, ಕೊನೆಗೆ 2024ರ ಜುಲೈನಲ್ಲಿ ಅವರೇ ಸ್ವಂತವಾಗಿ ಬಿಡುಗಡೆ ಮಾಡಬೇಕಾಯಿತು. ರಕ್ಷಿತ್ ಶೆಟ್ಟಿಯಂಥವರಿಗೇ ಈ ಗತಿಯಾದರೆ ನಿಂತುಹೋದ ಧಾರಾವಾಹಿಯನ್ನು ಕೇಳುವವರಾರು? ಹಾಗೆಂದು ಪೂರಾ ಕತ್ತಲೆಯೂ ಅಲ್ಲ. 2025ರ ಏಪ್ರಿಲ್‌ನಲ್ಲಿ ಜೀ5 ‘ಅಯ್ಯನ ಮನೆ’ಯನ್ನು ತಂದಿತು. ನಿರ್ದೇಶನ ರಮೇಶ್ ಇಂದಿರಾ, ನಿರ್ಮಾಣ ಶ್ರುತಿ ನಾಯ್ಡು. ಇಬ್ಬರೂ ಧಾರಾವಾಹಿಯ ಗರಡಿಯವರೇ! ನೂರಾರು ಕಂತು ತೆಗೆದು ಪಳಗಿದ ಕೈಗಳು ಕೆಲವೇ ಕಂತಿನಲ್ಲಿ ಕಥೆ ಮುಗಿಸಬಲ್ಲವೆಂದು ತೋರಿಸಿಕೊಟ್ಟರು.

ಪರದೇಶದ ಪಾಠ

ಹೊರಗಿನವರು ಏನು ಮಾಡಿದರು? ಆಸ್ಟ್ರೇಲಿಯಾದ ‘ನೇಬರ್ಸ್’ 1985ರಲ್ಲಿ ಶುರುವಾದ ಧಾರಾವಾಹಿ. ಬ್ರಿಟನ್ನಿನ ವಾಹಿನಿ ಕೈಬಿಟ್ಟಿತೆಂದು 2022ರ ಜುಲೈನಲ್ಲಿ ನಿಂತಿತು. ಅಮೆಜಾನ್ ಎತ್ತಿಕೊಂಡು 2023ರ ಸೆಪ್ಟೆಂಬರಿನಲ್ಲಿ ಮತ್ತೆ ಓಡಿಸಿತು. ಅಭಿಮಾನಿಗಳು ಹಬ್ಬ ಮಾಡಿದರು. ಆದರೆ 2025ರ ಕೊನೆಗೆ ಮತ್ತೆ ತೆರೆ! ಒಮ್ಮೆ ಅತ್ತವರು ಎರಡನೇ ಸಲ ಅಳಬೇಕಾಯಿತು.

ಇನ್ನೊಂದು ಉದಾಹರಣೆ ‘ಸೆನ್ಸ್8’. ನೆಟ್‌ಫ್ಲಿಕ್ಸ್ ಅದನ್ನು 2017ರಲ್ಲಿ ನಿಲ್ಲಿಸಿದಾಗ ಅಭಿಮಾನಿಗಳು ಗಲಾಟೆ ಎಬ್ಬಿಸಿದರು. ಕಂಪನಿ ಮಣಿಯಿತು. ಆದರೆ ವರ್ಷಗಟ್ಟಲೆ ಎಳೆಯಲಿಲ್ಲ, 2018ರಲ್ಲಿ ಒಂದೇ ಒಂದು ದೀರ್ಘ ಕಂತು ಕೊಟ್ಟು ಕಥೆಗೆ ಮಂಗಳ ಹಾಡಿತು. ನೋಡಿದವರು ಸಮಾಧಾನವಾಗಿ ಎದ್ದು ಹೋದರು.

ನನ್ನ ಅಭಿಪ್ರಾಯ ಇಷ್ಟೆ. ಧಾರಾವಾಹಿಯನ್ನು ಮೊದಲಿನಂತೆ ದಿನವಹಿ ಓಡಿಸುವುದು ಓ.ಟಿ.ಟಿ.ಯಿಂದ ಆಗದ ಕೆಲಸ. ದಿನಾ ಒಂದೇ ಹೊತ್ತಿಗೆ ಮನೆಮಂದಿಯೆಲ್ಲ ಸೇರುವ ಅಭ್ಯಾಸ ವಾಹಿನಿಯದು. ಆ್ಯಪಿನಲ್ಲಿ ಒಬ್ಬೊಬ್ಬರದು ಒಂದೊಂದು ಹೊತ್ತು. ವಾಹಿನಿಗೆ ಬದುಕು ಜಾಹೀರಾತಿನಿಂದ, ಆ್ಯಪಿಗೆ ಚಂದಾದಿಂದಲೂ ಬರಬೇಕು. ಆದರೆ ನಿಂತ ಕಥೆಯನ್ನು ಹತ್ತು-ಹದಿನೈದು ಕಂತಿನಲ್ಲಿ ಮುಗಿಸಿಕೊಡುವ ಕೆಲಸಕ್ಕೆ ಓ.ಟಿ.ಟಿ.ಯಷ್ಟು ತಕ್ಕ ಜಾಗ ಬೇರೊಂದಿಲ್ಲ. ಅದಕ್ಕೆ ಟಿ.ಆರ್.ಪಿ. ಹಂಗಿಲ್ಲ, ಕಲಾವಿದರಿಂದ ವರ್ಷಗಟ್ಟಲೆ ಡೇಟು ಬೇಡ, ಕೆಲವು ವಾರ ಸಾಕು. ಹಳೆಯ ಕಂತುಗಳನ್ನು ಮೊದಲಿನಿಂದ ನೋಡುವವರೂ ಆಗ ಹುಟ್ಟಿಕೊಳ್ಳುತ್ತಾರೆ. ಕಪಾಟಿನಲ್ಲಿ ಧೂಳು ಹಿಡಿದ ಸರಕಿಗೆ ಗಿರಾಕಿ ಬಂದರೆ ಕಂಪನಿಗೂ ಲಾಭವೇ.

ಆದ್ದರಿಂದ ಅಭಿಮಾನಿಗಳೇ, ಬೇಡಿಕೆ ಬದಲಿಸೋಣ. “ಮುಂದುವರಿಸಿ” ಎಂದು ಕೇಳಿದರೆ ಲೆಕ್ಕದವರು ಬೆಚ್ಚಿಬೀಳುತ್ತಾರೆ. “ಮುಗಿಸಿಕೊಡಿ” ಎಂದು ಕೇಳಿದರೆ ಕನಿಷ್ಠಪಕ್ಷ ಕೂತು ಕೂಡಿ ಕಳೆದು ನೋಡಿಯಾರು. ಕಥೆ ಹೇಳಲು ಕೂತವರು ನಡುವೆ ಎದ್ದು ಹೋಗಬಾರದು, ಇದು ನಮ್ಮ ಹರಿಕಥೆ ದಾಸರೂ ಬಲ್ಲ ಮಾತು. ಓ.ಟಿ.ಟಿ. ಧಣಿಗಳೇ, ಹತ್ತು ಕಂತು ಕೊಡಿ, ಸಾಕು.