ಗಿಟಾರಿನ ಮರ, ತೋಟದ ನೆರಳು

ಎಲೆಕ್ಟ್ರಿಕ್ ಗಿಟಾರನ್ನು ಸ್ವತಃ ತಯಾರಿಸಿಕೊಳ್ಳುವ ಹವ್ಯಾಸಿಯು ತಂತಿ, ಪಿಕಪ್, ಶ್ರುತಿಗೂಟಗಳನ್ನು ಎಲ್ಲಿಂದಲಾದರೂ ತರಿಸಿಕೊಳ್ಳಬಹುದು. ಒಡಲಿನ ಮರವನ್ನು ಮಾತ್ರ ಸಾಮಾನ್ಯವಾಗಿ ತನ್ನೂರಿನಲ್ಲಿಯೇ ಹುಡುಕಬೇಕಾಗುತ್ತದೆ. ಮರಗಳ ನಾಡೆನಿಸಿದ ಕೊಡಗಿನಲ್ಲಿ ಇದು ಸುಲಭವೆಂದು ತೋರಬಹುದು. ಆದರೆ ಈ ಸಣ್ಣ ಆಯ್ಕೆಯ ಹಿಂದೆ ನಮ್ಮ ಮರ ನೀತಿಯ ದೊಡ್ಡದೊಂದು ವಿರೋಧಾಭಾಸ ಅಡಗಿದೆ.

ಬೇಕಾಗುವ ಮರ ಅತ್ಯಲ್ಪ. ಸುಮಾರು 20 ಅಂಗುಲ ಉದ್ದ, 14 ಅಂಗುಲ ಅಗಲ, ಒಂದೂಮುಕ್ಕಾಲು ಅಂಗುಲ ದಪ್ಪದ ಹಲಗೆ, ಅಂದರೆ ಒಂದು ಘನ ಅಡಿಯ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ವೀಣೆಯ ಕೊಡದಂತೆ ಈ ಮರ ನಾದವನ್ನು ಹಿಗ್ಗಿಸಬೇಕಾಗಿಲ್ಲ. ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವುದು ಪಿಕಪ್‌ನ ಅಯಸ್ಕಾಂತ ಮತ್ತು ಸುರುಳಿ. ಅಮೆರಿಕದ ಲೆಸ್ ಪಾಲ್ 1940ರ ಸುಮಾರಿಗೆ ಪೈನ್ ತೊಲೆಯೊಂದಕ್ಕೆ ತಂತಿ ಬಿಗಿದು ನುಡಿಸಿದ್ದರು. ಬ್ರಿಯಾನ್ ಮೇ 1963ರಲ್ಲಿ ತಂದೆಯೊಡನೆ ಮನೆಯಲ್ಲಿಯೇ ಕಟ್ಟಲಾರಂಭಿಸಿದ ಗಿಟಾರಿನ ಕುತ್ತಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದ್ದು. ಮುಂದೆ ಕ್ವೀನ್ ತಂಡದ ಹಾಡುಗಳಲ್ಲಿ ಜಗತ್ತು ಕೇಳಿದ್ದು ಅದೇ ವಾದ್ಯವನ್ನು. ಮರವು ಚೆನ್ನಾಗಿ ಒಣಗಿರಬೇಕು, ಬಾಗದಿರಬೇಕು, ತಿರುಪುಮೊಳೆಯನ್ನು ಬಿಗಿಯಾಗಿ ಹಿಡಿಯಬೇಕು, ಹೆಗಲಿಗೆ ಭಾರವಾಗಬಾರದು. ಮುಖ್ಯವಾಗಿ ಇಷ್ಟನ್ನು ನೋಡಿದರೆ ಸಾಕು.

ಕೊಡಗಿನಲ್ಲಿ ಮೊದಲು ನೆನಪಾಗುವುದು ಬೀಟೆ. ಒಡಲಿಗೆ ಅದು ತೀರ ಭಾರ. ಬೆರಳುಹಲಗೆಗೆ ತೆಳುವಾದ ಪಟ್ಟಿಯೊಂದು ಸಾಕು. ಹಲಸು ವೀಣೆಗೂ ಮೃದಂಗಕ್ಕೂ ಒದಗಿದ ಮರ, ತೂಕವೂ ಹದವಾದದ್ದು. ಇವೆರಡಕ್ಕಿಂತ ಸೂಕ್ತವಾದುದು ಗಂಧಗರಿಗೆ. ಉತ್ತರ ಭಾರತದಲ್ಲಿ ತೂನ್ ಎಂಬ ಹೆಸರಿನಿಂದ ಸಿತಾರ್ ತಯಾರಿಕೆಗೆ ಬಳಕೆಯಾಗುವ ಈ ಮರ, ಗಿಟಾರ್ ತಯಾರಕರು ಮೆಚ್ಚುವ ಮಹಾಗನಿಯ ಕುಟುಂಬಕ್ಕೇ ಸೇರಿದ್ದು. ಕೊನೆಯದು ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ನೆರಳಿಗಾಗಿ ಬಂದು, ಈಗ ತೋಟತೋಟದಲ್ಲಿಯೂ ಕಾಳುಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿರುವ ಮರ. ಸರಿಯಾದ ಕೋನದಲ್ಲಿ ಸೀಳಿದರೆ ಇದರ ಮೈಮೇಲೆ ಕಸೂತಿಯಂತಹ ಚಿತ್ತಾರ ಮೂಡುತ್ತದೆ. ಹೊಟ್ಟು ಕೆಲವರ ಚರ್ಮಕ್ಕೆ ತುರಿಕೆ ತರುವುದರಿಂದ ಕೈಗವಸು, ಮುಖಗವಸು ಅಗತ್ಯ.

ಗುಣದ ಲೆಕ್ಕದಲ್ಲಿ ಗಂಧಗರಿಗೆ ಮುಂದಿದ್ದರೂ ಕೈಗೆ ಸುಲಭವಾಗಿ ಎಟಕುವುದು ಸಿಲ್ವರ್ ಓಕ್. ಕಾರಣ ಸರಳ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ಸಿಲ್ವರ್ ಓಕ್ ಕಡಿಯಲು ಪೂರ್ವಾನುಮತಿಯಿಂದ ವಿನಾಯಿತಿ ನೀಡಿದೆ. ಕಾಡುಜಾತಿಯ ಮರಗಳಿಗೆ ಅರ್ಜಿ, ಪರಿಶೀಲನೆ, ಸಾಗಣೆ ಪರವಾನಗಿ ಎಂಬ ದೀರ್ಘ ದಾರಿಯಿದೆ. ಇದರ ಮೇಲೆ ಕೊಡಗಿಗೇ ವಿಶಿಷ್ಟವಾದ ರಿಡೀಮ್ಡ್, ಅನ್‌ರಿಡೀಮ್ಡ್ ಜಮೀನುಗಳ ಪ್ರಶ್ನೆ: ಮರದ ಮೌಲ್ಯವನ್ನು ಸರ್ಕಾರಕ್ಕೆ ಪಾವತಿಸಿ ಬಿಡಿಸಿಕೊಳ್ಳದ ಜಮೀನಿನಲ್ಲಿ ಮರದ ಹಕ್ಕು ಸರ್ಕಾರದ್ದು, ನೆರಳು ಮಾತ್ರ ಬೆಳೆಗಾರನದು.

ಈ ನಿರ್ಬಂಧಗಳು ಇಲ್ಲದಿದ್ದರೆ ಬೀಟೆ ಎಂದೋ ಮಾಯವಾಗುತ್ತಿತ್ತು ಎಂಬ ವಾದದಲ್ಲಿ ಹುರುಳಿದೆ. 2017ರಿಂದ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ. ಸಿದ್ಧ ವಾದ್ಯಗಳಿಗೆ ಸಡಿಲಿಕೆ ದೊರೆತದ್ದು 2019ರಲ್ಲಿ. ಆದರೆ ನಿಂತ ಮರವನ್ನು ಕಾಯುವ ಕಾನೂನು ಹೊಸ ಸಸಿಯನ್ನು ನೆಡಿಸಲಾರದು. ಫಲದ ಹಕ್ಕು ಖಚಿತವಿಲ್ಲದ ಕಡೆ ಯಾರೂ ಬಂಡವಾಳ ಹೂಡುವುದಿಲ್ಲವೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಹಳೆಯ ಮರ ಉರುಳಿದ ಜಾಗದಲ್ಲಿ ಬೆಳೆಗಾರನು ಸಿಲ್ವರ್ ಓಕ್ ನೆಡುವುದು ಈ ತರ್ಕಕ್ಕೆ ಅನುಗುಣವಾಗಿಯೇ ಇದೆ. ನಷ್ಟವಾಗುವುದು ಕಾವೇರಿಯ ಜಲಾನಯನದ ಮಿಶ್ರ ನೆರಳು. ಬ್ರೆಜಿಲ್‌ನ ಬಯಲು ಕಾಫಿಯಿಂದ ಕೊಡಗಿನ ಕಾಫಿಯನ್ನು ಬೇರ್ಪಡಿಸುವ ಸಂಪತ್ತು ಅದು.

ಹವ್ಯಾಸಿಗೆ ಸದ್ಯದ ದಾರಿ ಎರಡು. ಕೆಡವಿದ ಮನೆಯ ಹಲಸಿನ ತೊಲೆ ಅಥವಾ ಬಾಗಿಲನ್ನು ರಸೀದಿ ಸಹಿತ ಕೊಳ್ಳಬಹುದು. ದಶಕಗಳ ಕಾಲ ಒಣಗಿದ ಮರವದು. ಇಲ್ಲವೇ ತೋಟದ ಸಿಲ್ವರ್ ಓಕ್ ಸೀಳಿಸಿ, ಹಲಗೆಯ ತುದಿಗಳಿಗೆ ಬಣ್ಣ ಬಳಿದು, ಅಂಗುಲಕ್ಕೊಂದು ವರ್ಷದ ಲೆಕ್ಕದಲ್ಲಿ ಮಳೆಯ ತೇವ ತಾಗದ ಅಟ್ಟದಲ್ಲಿ ಒಣಗಿಸಬಹುದು.

ಸರ್ಕಾರ ಮಾಡಬೇಕಾದದ್ದು ಬೇರೆಯೇ ಇದೆ. ಇಂದು ನೆಡುವ ಗಂಧಗರಿಗೆ, ಹಲಸು, ಬೀಟೆಯ ಸಸಿಗಳನ್ನು ನೆಟ್ಟ ದಿನವೇ ದಾಖಲಿಸಿಕೊಂಡು, ಅವು ಬಲಿತಾಗ ಕಡಿಯುವ ಹಕ್ಕು ನೆಟ್ಟವರದೇ ಎಂಬ ಲಿಖಿತ ಭರವಸೆಯನ್ನು ಜಮೀನಿನ ವರ್ಗ ನೋಡದೆ ನೀಡಬೇಕು. ಹಳೆಯ ಮರಗಳ ರಕ್ಷಣೆ ಈಗಿನಂತೆಯೇ ಮುಂದುವರಿಯಲಿ. ಹಾಗಾದಲ್ಲಿ ಮುಂದಿನ ತಲೆಮಾರಿನ ಗಿಟಾರ್ ಪ್ರಿಯರಿಗೆ ನಾಡಿನ ಮರವೇ ನಾಡಿನಲ್ಲಿ ಸುಲಭವಾಗಿ ದೊರೆತೀತು. ತೋಟಗಳಿಗೆ ಹಳೆಯ ನೆರಳೂ ಉಳಿದೀತು.