ಹೊಗೆಕೊಳವೆಯ ಶುಚಿತ್ವ

ದಿನವೂ ಅಂಗಳ ಸಾರಿಸಿ ರಂಗವಲ್ಲಿ ಇಡುವ ಮನೆಯಲ್ಲಿಯೂ ಒಲೆಯ ಹೊಗೆಕೊಳವೆ ವರ್ಷಗಟ್ಟಲೆ ಶುಚಿಯಾಗದೆ ಉಳಿದಿರುವುದುಂಟು. ಕಣ್ಣಿಗೆ ಬೀಳದ ಕೊಳೆಯ ನೆನಪು ಯಾರಿಗೂ ಆಗದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮುಂದೆ ರೂಪಿಸಿದ ಅಸ್ತ್ರ ಒಲೆಯು ನಾಡಿನ ಹಳ್ಳಿಗಳಿಗೆ ಪರಿಚಿತವಾದುದು. ಪಾತ್ರೆಗಳನ್ನು ಕಾಯಿಸಿದ ಬಿಸಿಗಾಳಿಯು ಹಗುರವಾದುದರಿಂದ ಕೊಳವೆಯಲ್ಲಿ ಮೇಲೇರುತ್ತದೆ. ಅದರ ಸೆಳೆತಕ್ಕೆ ಒಲೆಯ ಬಾಯಿಂದ ಹೊಸ ಗಾಳಿ ಒಳನುಗ್ಗುತ್ತದೆ. ಇಂತಹ ಒಲೆಯ ಗುಣವೆಲ್ಲ ಈ ಸೆಳೆತದಲ್ಲಿಯೇ ಇದೆ. ಮಸಿ ಕಟ್ಟಿ ದಾರಿ ಕಿರಿದಾದಂತೆ ಸೆಳೆತ ಕುಗ್ಗಿ, ಹೊಗೆಯು ಮನೆಯೊಳಕ್ಕೇ ಹಿಂದಿರುಗುತ್ತದೆ. ನಾಲ್ಕು ಅಂಗುಲ ವ್ಯಾಸದ ಕೊಳವೆಯೊಳಗೆ ಸುತ್ತಲೂ ಅರ್ಧ ಅಂಗುಲ ಮಸಿ ಹತ್ತಿದರೆ ದಾರಿಯ ವಿಸ್ತೀರ್ಣ ಶೇಕಡಾ 44ರಷ್ಟು ಕಡಿಮೆಯಾಗುವುದೆಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲನು.

ಒಡಿಶಾದ ಹಳ್ಳಿಗಳಲ್ಲಿ ಸುಧಾರಿತ ಒಲೆಗಳನ್ನು ಕುರಿತು ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ವರ್ಷ ಒಳಸೇರುವ ಹೊಗೆ ಕಡಿಮೆಯಾದುದು ಕಂಡಿತಾದರೂ ಅನಂತರ ಆ ಲಾಭ ಅಳಿದುಹೋಯಿತು. ಬಳಕೆಯೂ ದುರಸ್ತಿಯೂ ತಗ್ಗಿದುದೇ ಕಾರಣ. ಇದರ ಫಲವನ್ನು ಉಣ್ಣುವವರು ಒಲೆಯ ಮುಂದಿನ ತಾಯಿ ಮತ್ತು ಅವಳ ಮಡಿಲ ಮಗು: ಅವಳಿಗೆ ದಮ್ಮು, ಮಗುವಿಗೆ ನ್ಯುಮೋನಿಯಾ.

ಒಲೆ ತಣ್ಣಗಿರುವಾಗ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಹಗ್ಗಕ್ಕೆ ಬಿಗಿದ ಗೋಣಿಯ ಉಂಡೆಯನ್ನು ಕೊಳವೆಯಲ್ಲಿ ಮೇಲೆ ಕೆಳಗೆ ಎಳೆದಾಡಿದರೆ ಮಸಿ ಉದುರುತ್ತದೆ. ತಳದಲ್ಲಿ ಬಿದ್ದುದನ್ನು ತೆಗೆಯದಿದ್ದರೆ ಶ್ರಮವೆಲ್ಲ ವ್ಯರ್ಥ. ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆ ಇಂದಿಗೂ ಕಟ್ಟಿಗೆಯದೇ, ಅದನ್ನು ಮರೆಯಬಾರದು. ಹಳೆಯ ಕಲ್ನಾರು ಕೊಳವೆಯನ್ನು ಮಾತ್ರ ಉಜ್ಜಲಾಗದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಒಡೆಯದೆ ಇಳಿಸಿ ಬೇರೆ ಕೊಳವೆ ಹಾಕಿಸುವುದು ಲೇಸು.