ಬಿಸಿ ಎಂಜಿನ್ ಮರಳಿ ಚಾಲೂ ಆಗದಿದ್ದಾಗ

ದೆಹಲಿಯ ಬೇಸಿಗೆಯನ್ನು ಇಲ್ಲಿ ನೆಲೆಸಿರುವ ಕನ್ನಡಿಗರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. 2024ರ ಮೇ 29ರಂದು ಸಫ್ದರ್‌ಜಂಗ್‌ನಲ್ಲಿ 46.8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಗಿತ್ತು. ಇಂತಹ ದಿನಗಳಲ್ಲಿ ಕಾರುಳ್ಳವರಿಂದ ಒಂದು ದೂರು ಕೇಳಿಬರುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಚಾಲೂ ಆದ ಪೆಟ್ರೋಲ್ ಕಾರು ನೋಯ್ಡಾದಿಂದ ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘದವರೆಗೆ ಸೊಗಸಾಗಿ ಓಡಿ ಬರುತ್ತದೆ; ಇಪ್ಪತ್ತು ನಿಮಿಷ ನಿಂತ ಮೇಲೆ ಮಾತ್ರ ಮತ್ತೆ ಚಾಲೂ ಆಗಲು ಹಠ ಹಿಡಿಯುತ್ತದೆ. ಒಂದೆರಡು ಗಂಟೆ ಬಿಟ್ಟರೆ ತಾನಾಗಿಯೇ ಸರಿಹೋಗುತ್ತದೆ. ವೃದ್ಧರೂ ಮಕ್ಕಳೂ ಜೊತೆಗಿರುವಾಗ ಇದು ಬರಿಯ ಕಿರಿಕಿರಿಯಲ್ಲ, ಅಪಾಯವೂ ಹೌದು.

ಕಾರಣ ಸರಳ. ಎಂಜಿನ್ ನಿಂತೊಡನೆ ಅದನ್ನು ತಂಪಾಗಿಡುವ ನೀರಿನ ಹರಿವೂ ನಿಲ್ಲುತ್ತದೆ. ಕಾದ ಲೋಹದ ಶಾಖ ಸುತ್ತಲಿನ ಕೊಳವೆಗಳಿಗೆ ಹರಡಿ, ಬಾನೆಟ್ಟಿನ ಒಳಗಿನ ತಾಪ ಸ್ವಲ್ಪ ಹೊತ್ತು ಇಳಿಯುವ ಬದಲು ಏರುತ್ತದೆ. ಪೆಟ್ರೋಲಿನ ಹಗುರ ಅಂಶಗಳು ಸುಮಾರು 35-40 ಡಿಗ್ರಿಯಲ್ಲೇ ಕುದಿಯತೊಡಗುತ್ತವೆ. ಕೊಳವೆಯಲ್ಲಿ ದ್ರವದ ಬದಲು ಆವಿ ತುಂಬಿದರೆ ಎಂಜಿನ್ನಿಗೆ ಇಂಧನ ಸರಿಯಾಗಿ ತಲುಪುವುದಿಲ್ಲ. ಹಿಂದೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಚಾಲಕರು ಇಂಧನ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕಾಗಿಯೇ. ತಂಪಾದ ಆವಿ ಮತ್ತೆ ದ್ರವವಾಗುತ್ತಿತ್ತು.

ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗಿದ್ದು, ಸಾಮಾನ್ಯವಾಗಿ 3 ಬಾರ್ ಅಥವಾ ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪೆಟ್ರೋಲನ್ನು ಕಳಿಸುತ್ತದೆ. ಒತ್ತಡದಲ್ಲಿರುವ ಪೆಟ್ರೋಲ್ ಸುಲಭವಾಗಿ ಕುದಿಯದು. ಬ್ಯಾಂಕಿನ ಖಾತೆಯಲ್ಲಿ ಕನಿಷ್ಠ ಶಿಲ್ಕು ಉಳಿಯಬೇಕಾದಂತೆ, ಎಂಜಿನ್ ನಿಂತ ಮೇಲೂ ಈ ಒತ್ತಡದ ಒಂದು ಪಾಲು ಕೊಳವೆಯಲ್ಲಿ ಉಳಿಯಬೇಕು. ಪಂಪಿನ ತಡೆಕವಾಟ, ಒತ್ತಡ ನಿಯಂತ್ರಕ ಅಥವಾ ಇಂಜೆಕ್ಟರ್ ಸೋರಿದರೆ ಆ ಶಿಲ್ಕು ಕರಗಿ, ಆವಿ ಮನೆಮಾಡುತ್ತದೆ.

ಮೆಕ್ಯಾನಿಕನ ಬಳಿ ಹೋಗುವ ಮುನ್ನ ನಾವೇ ಮಾಡಬಹುದಾದ ಪರೀಕ್ಷೆಗಳಿವು:

1. ಕೀಲಿಯನ್ನು ಇಗ್ನಿಷನ್ ಸ್ಥಾನಕ್ಕೆ ಮಾತ್ರ ತಿರುಗಿಸಿ, ಎರಡು ಸೆಕೆಂಡು ಕಾದು, ಆರಿಸಿ. ಹೀಗೆ ಮೂರು ಬಾರಿ ಮಾಡಿ ನಂತರ ಚಾಲೂ ಮಾಡಿರಿ. ಹೆಚ್ಚಿನ ಕಾರುಗಳಲ್ಲಿ ಪ್ರತಿ ಬಾರಿಯೂ ಪಂಪು ಸ್ವಲ್ಪ ಒತ್ತಡ ಕೂಡಿಸುತ್ತದೆ. ಈಗ ಸುಲಭವಾಗಿ ಚಾಲೂ ಆದರೆ, ಒತ್ತಡ ಸೋರುತ್ತಿದೆ ಎಂದು ಶಂಕಿಸಬಹುದು.

2. ಅದರಿಂದ ಫಲವಿಲ್ಲದೆ, ಆಕ್ಸಲರೇಟರನ್ನು ಪೂರ್ತಿ ಒತ್ತಿಹಿಡಿದಾಗ ಮಾತ್ರ ಚಾಲೂ ಆಗಿ ಕಪ್ಪು ಹೊಗೆ ಬಂದರೆ, ಇಂಧನ ಹೆಚ್ಚಾಗಿದೆ ಎಂದರ್ಥ. ಸೋರುವ ಇಂಜೆಕ್ಟರ್ ಇಲ್ಲವೇ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ಕವಾಟ ಕಾರಣವಿರಬಹುದು.

3. ಸ್ಟಾರ್ಟರ್ ನಿಧಾನವಾಗಿ ತಿರುಗಿದರೆ ದೋಷ ಇಂಧನದ್ದಲ್ಲ. ಬ್ಯಾಟರಿ, ತಂತಿ ಅಥವಾ ಸ್ಟಾರ್ಟರಿನದು. ಅದು ವೇಗವಾಗಿಯೇ ತಿರುಗುತ್ತಿದ್ದು, ಮೇಲಿನ ಎರಡೂ ಉಪಾಯಗಳಿಂದ ಪ್ರಯೋಜನವಾಗದಿದ್ದರೆ, ಬಿಸಿಯಲ್ಲಿ ಕೈಕೊಡುವ ಕ್ರ್ಯಾಂಕ್ ಸೆನ್ಸಾರನ್ನು ಪರೀಕ್ಷಿಸಬೇಕು.

ಪೆಟ್ರೋಲಿನ ವಾಸನೆ ಬಲವಾಗಿದ್ದರೆ ಯಾವ ಪರೀಕ್ಷೆಯೂ ಬೇಡ. ಎಲ್ಲರನ್ನೂ ಕೆಳಗಿಳಿಸಿ ನೆರಳಿಗೆ ಕಳಿಸಿರಿ. ಬಿಸಿ ಎಂಜಿನ್ನಿನ ಇಂಧನ ಕೊಳವೆಯನ್ನು ನೀವಾಗಿ ಎಂದೂ ಸಡಿಲಿಸಬೇಡಿ.

ಗ್ಯಾರೇಜಿನಲ್ಲಿ "ಪಂಪು ಬದಲಿಸಬೇಕು" ಎಂಬ ಮಾತು ಬೇಗ ಕೇಳಿಬರುತ್ತದೆ. ಮೊದಲು ಒತ್ತಡ ಮಾಪಕ ಜೋಡಿಸಿ, ಎಂಜಿನ್ ಆರಿಸಿದ ಮೇಲೆ ಇಪ್ಪತ್ತು ನಿಮಿಷ ಮುಳ್ಳನ್ನು ಗಮನಿಸುವಂತೆ ವಿನಯದಿಂದಲೇ ಕೇಳಿರಿ. ಮುಳ್ಳು ಬೇಗನೆ ಇಳಿದರೆ ಸೋರಿಕೆ ಎಲ್ಲಿ ಎಂದು ಹುಡುಕಲಿ. ಇಳಿಯದಿದ್ದರೆ ಹೊಸ ಪಂಪಿನ ಖರ್ಚು ಬಹುಶಃ ವ್ಯರ್ಥ.

ಕೊನೆಯದಾಗಿ, ನಮ್ಮ ರಾಜಧಾನಿ ವಲಯದಲ್ಲಿ ಸಿಎನ್‌ಜಿ ಕಾರುಗಳು ಬಹಳ. ಅವುಗಳಲ್ಲಿ ಪೆಟ್ರೋಲ್ ತಳಮಟ್ಟದಲ್ಲೇ ಇರುವುದು ವಾಡಿಕೆ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಅದೇ ಪೆಟ್ರೋಲ್. ಆದ್ದರಿಂದ ಏಪ್ರಿಲ್‌ನಿಂದ ಜುಲೈವರೆಗಾದರೂ ಕಾಲು ಟ್ಯಾಂಕಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳುವುದು, ಬೇಸಿಗೆ ರಜೆಯಲ್ಲಿ ಕಾರಿನಲ್ಲೇ ಊರಿಗೆ ಹೊರಡುವವರಿಗಂತೂ, ಒಳಿತು.